ಬೇಲಿ, ಗಾರ್ಡು, ಜಾಲಿ

1948ರ ಕಾರ್ಖಾನೆಗಳ ಕಾಯ್ದೆಯ 21ನೇ ಕಲಮಿಗೆ ಇಂಗ್ಲಿಷಿನಲ್ಲಿ ‘ಫೆನ್ಸಿಂಗ್ ಆಫ್ ಮೆಷಿನರಿ’ ಎಂದು ಹೆಸರು. ಯಂತ್ರಕ್ಕೆ ಬೇಲಿ ಹಾಕುವುದು. ಕಾಯ್ದೆಯ ಸಾರಾಂಶವನ್ನು ಇಂಗ್ಲಿಷಿನಲ್ಲೂ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಗೋಡೆಗೆ ಹಾಕಬೇಕೆಂದು 2025ರವರೆಗೆ ಜಾರಿಯಲ್ಲಿದ್ದ ಅದೇ ಕಾಯ್ದೆಯ 108ನೇ ಕಲಮು ಹೇಳುತ್ತಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ವೈಟ್‌ಫೀಲ್ಡ್ ರಸ್ತೆಯ ಒಂದು ಪ್ರೆಸ್ ಶಾಪಿನ ಟೈಮ್ ಆಫೀಸಿನ ಪಕ್ಕ ಈ ಎರಡೂ ಹಾಳೆಗಳು ತೂಗುತ್ತಿದ್ದವು. ಕನ್ನಡದ ಹಾಳೆ ಬಿಸಿಲಿಗೆ ಬಿಳಿಚಿಕೊಂಡು ಒಂದಕ್ಷರವೂ ಕಾಣುತ್ತಿರಲಿಲ್ಲ. ಇಂಗ್ಲಿಷಿನದು ಗಾಜಿನ ಹಿಂದೆ ಹೊಸ ಮದುಮಗನ ಹಾಗೆ ನೆಟ್ಟಗೆ ಕೂತಿತ್ತು. ಆಗತಾನೆ ಐಟಿಐ ಮುಗಿಸಿ ಕೆಲಸಕ್ಕೆ ಸೇರಿದ್ದ ಹೂಡಿಯ ಹುಡುಗ ಆ ಇಂಗ್ಲಿಷ್ ಹಾಳೆಯಲ್ಲಿ ‘ಫೆನ್ಸಿಂಗ್’ ಎಂಬುದನ್ನು ಓದಿ, ಪ್ರೆಸ್ಸಿನ ಸುತ್ತ ಯಾರು ಯಾಕೆ ಬೇಲಿ ಹಾಕುತ್ತಾರೆಂದು ತಲೆ ಕೆರೆದುಕೊಂಡ.

(ಈ ಸೀಮೆಯಲ್ಲಿ ಐಟಿಐ ಎಂದರೆ ಎರಡು. ಒಂದು, ಫಿಟ್ಟರ್, ಟರ್ನರ್ ಕಲಿಸುವ ಶಾಲೆ. ಇನ್ನೊಂದು, 1948ರಲ್ಲಿ ದೂರವಾಣಿನಗರದಲ್ಲಿ ಶುರುವಾದ ಟೆಲಿಫೋನ್ ಕಾರ್ಖಾನೆ. ಮೊದಲನೆಯದನ್ನು ಪಾಸು ಮಾಡಿದವರೆಲ್ಲ ಎರಡನೆಯದರ ಗೇಟು ನೋಡಿಕೊಂಡೇ ಬೆಳೆದವರು. ಅಲ್ಲಿ ಕೆಲಸ ಸಿಕ್ಕದವರು ಮಹದೇವಪುರ, ವೈಟ್‌ಫೀಲ್ಡ್ ಕಡೆಯ ಸಣ್ಣ ಶೆಡ್ಡುಗಳಿಗೆ ಹೋದರು. ಇವನು ಸಿಕ್ಕದವರ ಪೈಕಿ.)

ಅವನಿಗೆ ಗೊತ್ತಿದ್ದ ಬೇಲಿಯೇ ಬೇರೆ. ಕೃಷ್ಣರಾಜಪುರ ಹೋಬಳಿಯ ಹೂಡಿ ಆಗಿನ್ನೂ ಹಳ್ಳಿ. ರಾಗಿ, ಅವರೆ, ಹುರುಳಿ, ಅಲ್ಲಲ್ಲಿ ದ್ರಾಕ್ಷಿ ಚಪ್ಪರ, ನೀಲಗಿರಿ ತೋಪು. ಊರ ಪಕ್ಕದಲ್ಲೇ 1864ರಲ್ಲಿ ಹಾಕಿದ ಜೋಲಾರಪೇಟೆ ರೈಲುಹಳಿ. ಹಳಿಗೂ ಹೊಲಕ್ಕೂ ನಡುವೆ ಕತ್ತಾಳೆ ಸಾಲು, ಹೊಲಕ್ಕೂ ಹೊಲಕ್ಕೂ ನಡುವೆ ಕಳ್ಳಿ. ಕಳ್ಳಿ ಕೊಂಬೆಯನ್ನು ಮಳೆಗೆ ಮುಂಚೆ ಗೇಣುದ್ದ ನೆಲಕ್ಕೆ ಚುಚ್ಚಿದರೆ ಸಾಕು, ಮುಂದಿನದನ್ನು ಅದೇ ನೋಡಿಕೊಳ್ಳುತ್ತಿತ್ತು. ಅದರ ಹಾಲು ಕಣ್ಣಿಗೆ ಬಿದ್ದರೆ ಮಾತ್ರ ದಿನವಿಡೀ ಉರಿ. ಆದ್ದರಿಂದ ಬೇಲಿ ನೆಡುವ ದಿನ ಹುಡುಗರನ್ನು ದೂರ ಅಟ್ಟುತ್ತಿದ್ದರು. ನಡುವೆ ಸಂದು ಬಿದ್ದಲ್ಲಿ ಜಾಲಿಮುಳ್ಳಿನ ಕೊಂಬೆ ತಂದು ಬುಡ ಮೇಲಾಗಿ ತುರುಕಿ, ಕವೆಕೋಲಿನಿಂದ ಒತ್ತಿ, ಮೇಲೊಂದು ಕಲ್ಲು ಹೇರುವುದು. ಮಳೆಗಾಲ ಮುಗಿಯುವುದರೊಳಗೆ ಬೇಲಿಯ ಮೇಲೆ ತೊಂಡೆಬಳ್ಳಿ ಹಬ್ಬಿ, ಯಾರು ನೆಟ್ಟದ್ದೋ ಯಾರು ಕಿತ್ತದ್ದೋ ಎಂಬ ಜಗಳವೂ ಅದರ ಜೊತೆಗೇ ಹಬ್ಬುತ್ತಿತ್ತು.

ಬೇಲಿಯ ಬಗ್ಗೆ ಮಾತೆತ್ತಿದರೆ ಹೊಲ ಮೇಯುವ ಬೇಲಿಯನ್ನು ತರದೆ ನಮ್ಮವರು ಮುಗಿಸುವುದಿಲ್ಲ. ಬಸವಣ್ಣನವರ ವಚನದಿಂದ ವಿಧಾನಸೌಧದ ಭಾಷಣದವರೆಗೆ ಅದು ಸವೆದಿದೆ. ಹೂಡಿಯ ರೈತರಿಗೆ ಬೇಲಿ ಮೇಯುವ ಭಯವಿರಲಿಲ್ಲ. ಅವರ ಚಿಂತೆಯೆಲ್ಲ ಕಂಡಿಯದು. ಬೇಲಿಯಲ್ಲಿ ಬಿಟ್ಟ ದಾರಿಗೆ ಕಂಡಿ ಎನ್ನುತ್ತಿದ್ದರು. ಅಡ್ಡಲಾಗಿ ತಡಿಕೆ ಕಟ್ಟಿದರೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ಪ್ರತಿಸಲ ಇಳಿಸಿ ಬಿಚ್ಚಬೇಕು. ಬಿಟ್ಟರೆ ಪಕ್ಕದ ಮನೆಯ ಎಮ್ಮೆ ಬರುತ್ತದೆ. ಅದಕ್ಕೆ ಹಿರಿಯರು ಕಂಡಿಯಲ್ಲಿ ಒಂದು ದಪ್ಪ ಕವೆ ಹುಗಿಯುತ್ತಿದ್ದರು, ಮೊಣಕಾಲೆತ್ತರಕ್ಕೆ ಕವಲೊಡೆದ ಮರದ ತುಂಡು. ಮನುಷ್ಯ ಕಾಲೆತ್ತಿ ಕವಲಿನೊಳಗಿಂದ ದಾಟಬಹುದು, ಎಮ್ಮೆಯ ಹೊಟ್ಟೆ ದಾಟಲಾರದು. ಕುರಿಮರಿ ನುಸುಳಿತೆಂದರೆ ಕವೆ ಕೆಳಗಿಟ್ಟವನಿಗೆ ಬೈಗುಳ. ಯಾವ ಮೈ ಒಳಗೆ ಬರಬಹುದು, ಯಾವುದು ಬರಬಾರದು ಎಂಬುದನ್ನು ಒಂದು ಮರದ ತುಂಡಿನ ಅಳತೆ ತೀರ್ಮಾನಿಸುತ್ತಿತ್ತು.

ಪ್ರೆಸ್ ಶಾಪಿನಲ್ಲಿ ಬೇಲಿ ಎಂಬ ಪದ ಯಾರ ಬಾಯಲ್ಲೂ ಇರಲಿಲ್ಲ. ಅಲ್ಲಿ ‘ಗಾರ್ಡು’. ಗಾರ್ಡು ಹಾಕು, ಗಾರ್ಡು ಎತ್ತು, ಗಾರ್ಡು ಕಟ್ಟು. ಗೇಟಿನಲ್ಲಿ ಟೋಪಿ ಹಾಕಿ ನಿಂತವನೂ ಗಾರ್ಡೇ. ಹಿಂದೆ ಹಾದುಹೋಗುವ ಗೂಡ್ಸ್ ರೈಲಿನ ಕೊನೆಯ ಡಬ್ಬಿಯಲ್ಲಿ ಹಸಿರು ಬಾವುಟ ಹಿಡಿದವನೂ ಗಾರ್ಡು. (2022ರಲ್ಲಿ ರೈಲ್ವೆ ಆ ಹುದ್ದೆಯ ಹೆಸರನ್ನು ‘ಟ್ರೈನ್ ಮ್ಯಾನೇಜರ್’ ಎಂದು ಬದಲಿಸಿತು. ಬಾವುಟ ಅದೇ.) ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಮೂರನೇ ಪ್ರೆಸ್ಸಿನ ಮುಂದೆ ನಿಂತು “ಇದಕ್ಕೆ ಗಾರ್ಡೆಲ್ಲಿ?” ಎಂದು ಗದರಿದಾಗ, ಗೇಟಿನವನು ಓಡಿಬಂದು ಸಲ್ಯೂಟ್ ಹೊಡೆದ. ಶಾಪೆಲ್ಲ ನಕ್ಕಿತು, ಅಧಿಕಾರಿಯೂ ನಕ್ಕರು. ಪ್ರೆಸ್ಸಿನ ಗಾರ್ಡು ಮಾತ್ರ ಸ್ಕ್ರ್ಯಾಪ್ ಗುಡ್ಡೆಯ ಹಿಂದೆ ಬಿದ್ದಿತ್ತು.

ಆ ಯಂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಐವತ್ತು ಟನ್ನಿನ ಸಿ-ಫ್ರೇಮ್ ಪವರ್ ಪ್ರೆಸ್. ಪಕ್ಕದಲ್ಲಿ ಬಂಡಿಚಕ್ರದಷ್ಟು ದೊಡ್ಡ ಫ್ಲೈವೀಲ್, ಅದು ಸದಾ ತಿರುಗುತ್ತಿರುತ್ತದೆ. ಕಾಲಡಿ ಪೆಡಲ್. ಪೆಡಲ್ ತುಳಿದರೆ ಒಂದು ಉಕ್ಕಿನ ಕೀಲಿ ಫ್ಲೈವೀಲನ್ನೂ ಕ್ರ್ಯಾಂಕನ್ನೂ ಕಚ್ಚಿಸುತ್ತದೆ. ರಾಮ್ ಎಂಬ ಹೊಡೆಯುವ ತುಂಡು ಕೆಳಗಿಳಿದು, ಡೈ ಎಂಬ ಅಚ್ಚಿನಲ್ಲಿಟ್ಟ ತಗಡನ್ನು ಕತ್ತರಿಸಿ ಅಥವಾ ಮಡಿಸಿ, ಮೇಲೇರಿ ನಿಲ್ಲುತ್ತದೆ. ಕೀಲಿ ಒಮ್ಮೆ ಕಚ್ಚಿತೆಂದರೆ ಸುತ್ತು ಪೂರ್ತಿಯಾಗಲೇಬೇಕು, ನಡುವೆ ಅದನ್ನು ನಿಲ್ಲಿಸುವ ಉಪಾಯವಿಲ್ಲ. ಎಡಗೈಯಿಂದ ತಗಡಿಡು, ತುಳಿ, ಬಲಗೈಯಿಂದ ಪೀಸು ತೆಗೆ. ಇಡು, ತುಳಿ, ತೆಗೆ. ಊಟದ ಹೊತ್ತಿಗೆ ಕೈ ತಾನಾಗಿಯೇ ಹೋಗಿ ಬರುತ್ತಿರುತ್ತದೆ, ತಲೆ ಎಲ್ಲೋ ಇರುತ್ತದೆ.

ಗಾರ್ಡು ಎಂದರೆ ಡೈಯ ಮುಂದೆ ಇಳಿಯುವ ಒಂದು ಬಲೆಯ ಬಾಗಿಲು. ಬಾಗಿಲು ಪೂರ್ತಿ ಇಳಿಯದೆ ಪೆಡಲ್ ಕೆಲಸ ಮಾಡದಂತೆ ಒಂದು ಸರಳು ಜೋಡಿಸಿರುತ್ತಾರೆ. ಲೆಕ್ಕ ಸರಿ. ಆದರೆ ಬಾಗಿಲು ಇಳಿಯಲೂ ಏರಲೂ ಒಂದೊಂದು ಕ್ಷಣ ಹಿಡಿಯುತ್ತದೆ, ಪೀಸಿನ ಲೆಕ್ಕದಲ್ಲಿ ಇನ್ಸೆಂಟಿವ್ ಕೊಡುವ ಶಾಪಿನಲ್ಲಿ ಆ ಕ್ಷಣಗಳು ಸೇರಿದರೆ ಸಂಜೆಗೆ ಹಣ. ಆದ್ದರಿಂದ ಬೆಳಿಗ್ಗೆ ಬಂದವರು ಮೊದಲು ಮಾಡುತ್ತಿದ್ದ ಕೆಲಸವೇ ಬೈಂಡಿಂಗ್ ವೈರಿನಿಂದ ಗಾರ್ಡನ್ನು ಮೇಲಕ್ಕೆತ್ತಿ ಕಟ್ಟುವುದು. ಸೂಪರ್‌ವೈಸರ್ ಬಿಚ್ಚಿಸಿ ಹೋಗುವರು, ಅವರ ಬೆನ್ನು ತಿರುಗಿದ ಮೇಲೆ ಮತ್ತೆ ಕಟ್ಟು. ತಿಂಗಳ ಕೊನೆಯಲ್ಲಿ ಡಿಸ್ಪ್ಯಾಚ್ ತಲೆಯ ಮೇಲೆ ಬಂದಾಗ ಅದೇ ಸೂಪರ್‌ವೈಸರಿಗೆ ವೈರು ಕಾಣುತ್ತಲೇ ಇರಲಿಲ್ಲ.

ಎರಡು ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಇಳಿಯುವ ಪ್ರೆಸ್ ಬಂದಾಗ ಒಂದು ಬಟನ್ನಿಗೆ ಬೆಂಕಿಕಡ್ಡಿ ಸಿಕ್ಕಿಸಿದರು. ಇದನ್ನು ಯಂತ್ರ ತಯಾರಕರು ಎಂದೋ ಊಹಿಸಿದ್ದರು ಎಂಬುದು ಹೂಡಿಯ ಹುಡುಗನಿಗೆ ಬಹಳ ತಡವಾಗಿ ತಿಳಿಯಿತು. ಈಗಿನ ಮಾನದಂಡದ ಪ್ರಕಾರ ಎರಡೂ ಬಟನ್ ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಬೇಕು, ಪ್ರತಿ ಹೊಡೆತದ ನಡುವೆ ಎರಡನ್ನೂ ಬಿಡಬೇಕು. ಇಲ್ಲದಿದ್ದರೆ ಯಂತ್ರ ಅಲುಗುವುದಿಲ್ಲ. ಇನ್ನೊಂದು ವಿಧಾನವೂ ಇತ್ತು: ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಪಟ್ಟಿಯ ಹಗ್ಗವನ್ನು ರಾಮ್‌ಗೆ ಜೋಡಿಸಿ, ರಾಮ್ ಇಳಿದಾಗ ಕೈಗಳೇ ಹಿಂದಕ್ಕೆ ಎಳೆದುಕೊಳ್ಳುವ ಹಾಗೆ ಮಾಡುವುದು. ಅದನ್ನು ಒಬ್ಬ ಹಿರಿಯ ಆಪರೇಟರ್ ಹಾಕಿಕೊಳ್ಳಲೇ ಇಲ್ಲ. ಕೋತಿ ಆಡಿಸುವವನಿಗೂ ಇಷ್ಟು ಹಗ್ಗವಿರುವುದಿಲ್ಲ ಎಂದ. ಸುರಕ್ಷತೆಯ ಪುಸ್ತಕಗಳು ಈ ಮರ್ಯಾದೆಯ ಪ್ರಶ್ನೆಯನ್ನು ಲೆಕ್ಕಕ್ಕೇ ಇಡುವುದಿಲ್ಲ, ಇಡಬೇಕಿತ್ತು.

ಶಾಪಿನಲ್ಲಿ ಎಲ್ಲರೂ ಹೆದರುತ್ತಿದ್ದ ಮಾತು ‘ಡಬಲ್ ಹೊಡೀತು’. ಕೀಲಿಯ ಸ್ಪ್ರಿಂಗ್ ಸವೆದು ಸೋತರೆ, ರಾಮ್ ಮೇಲೇರಿದ ಮೇಲೂ ಕೀಲಿ ಬಿಟ್ಟುಕೊಳ್ಳುವುದಿಲ್ಲ. ತುಳಿಯದೆಯೇ ಎರಡನೇ ಸಲ ಇಳಿಯುತ್ತದೆ. ಆ ಹೊತ್ತಿಗೆ ಬಲಗೈ ಪೀಸು ತೆಗೆಯಲು ಡೈಯೊಳಗಿರುತ್ತದೆ. ಹೂಡಿಯ ಹುಡುಗನ ಪಕ್ಕದ ಪ್ರೆಸ್ಸಿನಲ್ಲಿ ಹಾಗಾಯಿತು. ಕೂಗೇ ಕೇಳಿಸಲಿಲ್ಲ, ಫ್ಲೈವೀಲಿನ ಸದ್ದು ಅಷ್ಟಿತ್ತು. ಕಾಟನ್ ವೇಸ್ಟಿನಲ್ಲಿ ಕೈ ಸುತ್ತಿ ಆಟೋ ಹತ್ತಿಸಿದರು. ಒಬ್ಬರು ಡೈಯೊಳಗೆ ಇಕ್ಕಳ ಹಾಕಿ ಹುಡುಕಿದರು. ತೋರುಬೆರಳಿನ ಎರಡು ಗೆಣ್ಣು.

ಕಾರ್ಮಿಕರ ವಿಮೆಯ ಇಎಸ್‌ಐ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಅದಕ್ಕೊಂದು ಅಂಕಿ ಇತ್ತು. ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 14 ನಷ್ಟ, ಎರಡು ಗೆಣ್ಣು ಹೋದರೆ 11, ಒಂದು ಹೋದರೆ 9, ಮೂಳೆ ಉಳಿದು ತುದಿ ಮಾತ್ರ ಹೋದರೆ 5. ಹೆಬ್ಬೆರಳಿಗೆ 30. ಕಿರುಬೆರಳು ಪೂರ್ತಿ ಹೋದರೆ 7, ತುದಿ ಮಾತ್ರ ಆದರೆ 2. ಗಾಯಗೊಂಡವನನ್ನು ನೋಡಲು ಹೋದ ಶಾಪಿನ ಹುಡುಗರು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತಂತಮ್ಮ ಬೆರಳುಗಳ ಶೇಕಡಾವಾರು ಲೆಕ್ಕ ಹಾಕಿದರು. ಉಂಗುರದ ಬೆರಳಿಗೂ ಕಿರುಬೆರಳಿಗೂ ಒಂದೇ ದರ ಎಂದು ತಿಳಿದು, ಮದುವೆ ಗೊತ್ತಾಗಿದ್ದವನೊಬ್ಬ ಅನ್ಯಾಯ ಎಂದ. ಎಲ್ಲರೂ ನಕ್ಕರು, ಬೆರಳು ಕಳೆದುಕೊಂಡವನೂ ಸೇರಿ. ಮರುವಾರ ಅವನ ಜಾಗಕ್ಕೆ ಬೇರೆಯವನು ಬಂದ. ಗಾರ್ಡು ಒಂದಷ್ಟು ದಿನ ಇಳಿದೇ ಇತ್ತು.

ಅಷ್ಟರಲ್ಲಿ ಹೂಡಿಯ ಹುಡುಗ ಸಂಜೆ ಹೊತ್ತು ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾಗೆ ಸೇರಿದ್ದ. ಮಾಸ್ತರರು ಕಾಯ್ದೆಯ ಕಥೆಯನ್ನು ಇಂಗ್ಲೆಂಡಿನಿಂದ ಶುರು ಮಾಡಿದರು. ಅಲ್ಲಿ ಯಂತ್ರಕ್ಕೆ ಬೇಲಿ ಹಾಕಬೇಕೆಂಬ ಕಾನೂನು ಬಂದದ್ದು 1844ರಲ್ಲಿ. ಬಟ್ಟೆಗಿರಣಿಗಳ ಚಾವಣಿಯಡಿ ತಿರುಗುವ ಶಾಫ್ಟುಗಳು ಕೆಲಸಗಾರರ ಬಟ್ಟೆಯನ್ನೋ ಜಡೆಯನ್ನೋ ಸುತ್ತಿಕೊಂಡು ಆಳನ್ನೇ ಎತ್ತಿ ಒಗೆಯುತ್ತಿದ್ದವು. ಏಳು ಅಡಿಗಿಂತ ಎತ್ತರದಲ್ಲಿರುವ ಶಾಫ್ಟಿಗೆ ಬೇಲಿ ಯಾಕೆ, ಅಲ್ಲಿಗೆ ಯಾರು ಕೈ ಹಾಕುತ್ತಾರೆ ಎಂದು ಗಿರಣಿ ಮಾಲೀಕರು 1855ರಲ್ಲಿ ಸಂಘವನ್ನೇ ಕಟ್ಟಿಕೊಂಡರು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆ ಅವರನ್ನು ಕಾರ್ಮಿಕರ ಕೈಕಾಲು ಜಜ್ಜುವ ಸಂಘವೆಂದು ಗೇಲಿ ಮಾಡಿತು. ಲೇಖಕಿ ಹ್ಯಾರಿಯೆಟ್ ಮಾರ್ಟಿನೊ ಮಾಲೀಕರ ಪರವಾಗಿ ಪುಸ್ತಿಕೆಯನ್ನೇ ಬರೆದರು. 1856ರಲ್ಲಿ ಮಾಲೀಕರಿಗೆ ಅನುಕೂಲವಾಗುವ ತಿದ್ದುಪಡಿ ಬಂತು. ನೂರು ವರ್ಷದ ಮೇಲೆ, 1955ರಲ್ಲಿ, ಸಾಣೆಕಲ್ಲಿಗೆ ಹೆಬ್ಬೆರಳು ಕೊಟ್ಟ ಫ್ರಾಸ್ಟ್ ಎಂಬ ಕಾರ್ಮಿಕನ ಮೊಕದ್ದಮೆಯಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಬೇರೆ ಮಾತಾಡಿತು: ಬೇಲಿ ಹಾಕಿದರೆ ಯಂತ್ರವೇ ಕೆಲಸಕ್ಕೆ ಬಾರದಂತಾಗುತ್ತದೆ ಎಂಬುದು ಬೇಲಿ ಹಾಕದಿರಲು ನೆಪವಲ್ಲ.

ನಮ್ಮ 21ನೇ ಕಲಮಿನ ಮೈಕಟ್ಟೂ ಅದೇ ಮನೆತನದ್ದಾಗಿತ್ತು. ಗಟ್ಟಿಯಾದ ಬೇಲಿ ಇರಬೇಕು, ಯಂತ್ರ ಚಲಿಸುವಷ್ಟು ಹೊತ್ತೂ ಅದು ಜಾಗದಲ್ಲಿರಬೇಕು, ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು. ಬೇಕೆಂದೇ ಅದನ್ನು ಕಿತ್ತ ಕಾರ್ಮಿಕನ ಮೇಲೆ 111ನೇ ಕಲಮು. ಕಾನೂನು ಇಬ್ಬರನ್ನೂ ಹಿಡಿಯುತ್ತಿತ್ತು. ಆದರೆ ಬೈಂಡಿಂಗ್ ವೈರು ಕಟ್ಟಿದ ಬೆರಳನ್ನು ಹುಡುಕುವುದು ಸುಲಭ, ಅದನ್ನು ಕಟ್ಟಿಸಿದ ಟಾರ್ಗೆಟ್ ಬರೆದ ಬೆರಳನ್ನು ಹುಡುಕುವುದು ಕಷ್ಟ.

ಡಿಪ್ಲೊಮಾದಲ್ಲಿ ಅವನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಗಾರ್ಡಿನ ಬಲೆಯ ಕಿಂಡಿ ಎಷ್ಟಿರಬಹುದು ಎಂಬುದಕ್ಕೆ ಒಂದು ಕೋಷ್ಟಕವಿದೆ. ಇಂದು ಅದು ಐಎಸ್‌ಒ 13857 ಎಂಬ ಮಾನದಂಡದಲ್ಲಿದೆ. ಉದ್ದನೆಯ ಸೀಳು 4 ಮಿಲಿಮೀಟರ್ ಅಗಲವಿದ್ದರೆ ಅಪಾಯದ ಜಾಗದಿಂದ 2 ಮಿಲಿಮೀಟರ್ ದೂರವಿದ್ದರೂ ಸಾಕು. ಅಗಲ 6 ಆದರೆ ದೂರ 10. ಎಂಟಾದರೆ 20. ಹತ್ತಕ್ಕೆ ಹೋದರೆ ಒಮ್ಮೆಲೇ 80, ಏಕೆಂದರೆ ಅಷ್ಟರಲ್ಲಿ ಬೆರಳು ಬುಡದವರೆಗೂ ಒಳಗೆ ಹೋಗಿರುತ್ತದೆ. ಹನ್ನೆರಡಕ್ಕೆ 100, ಇಪ್ಪತ್ತಕ್ಕೆ 120. ಮೂವತ್ತು ಮಿಲಿಮೀಟರ್ ಸೀಳಾದರೆ 850, ತೋಳೇ ಹೋಗುತ್ತದೆ. ಬೆರಳ ತುದಿ, ಗೆಣ್ಣು, ಅಂಗೈ, ತೋಳು ಎಲ್ಲವನ್ನೂ ಅಳೆದು ಬರೆದ ಪಟ್ಟಿ. ಹೂಡಿಯ ಹಿರಿಯರು ಎಮ್ಮೆಯ ಹೊಟ್ಟೆ ನೋಡಿ ಕವೆ ಹುಗಿದ ಲೆಕ್ಕವೂ ಇದೇ. ಅವನ ನೋಟ್‌ಬುಕ್ಕಿನ ಆ ಪುಟದ ಅಂಚಿನಲ್ಲಿ ‘ಕಂಡಿ’ ಎಂದು ಪೆನ್ಸಿಲಿನಲ್ಲಿ ಬರೆದದ್ದು ಈಗಲೂ ಇದೆ. ಗಾರ್ಡು ಇದೆಯೇ ಎಂದು ಕೇಳುವುದನ್ನು ಅವನು ಅಂದಿನಿಂದ ಬಿಟ್ಟ. ಕಂಡಿ ಎಷ್ಟಿದೆ, ಯಾರ ಮೈಗೆ ಇಟ್ಟದ್ದು ಎಂದು ಕೇಳತೊಡಗಿದ.

ಈ ಮಧ್ಯೆ ಹೂಡಿ ಕೈ ತಪ್ಪುತ್ತಿತ್ತು. 1994ರಲ್ಲಿ ಸಿಂಗಪುರದ ಸಹಭಾಗಿತ್ವದ ಟೆಕ್ ಪಾರ್ಕ್, ಐಟಿಪಿಎಲ್, ಕಣ್ಣಳತೆಯಲ್ಲೇ ರೂಪುಗೊಳ್ಳತೊಡಗಿತು. ಕಳ್ಳಿ ಸಾಲು ಹೋಗಿ ಕಲ್ಲುಕಂಬ ಮತ್ತು ಮುಳ್ಳುತಂತಿ, ಅದು ಹೋಗಿ ಹಾಲೋ ಬ್ಲಾಕ್ ಕಾಂಪೌಂಡು, ಅದರ ನೆತ್ತಿಗೆ ಗಾಜಿನ ಚೂರು. 2007ರಲ್ಲಿ ಮಹದೇವಪುರ ನಗರಸಭೆ ಬಿಬಿಎಂಪಿಯೊಳಗೆ ಸೇರಿತು. ‘ಬೇಲಿ’ ಎಂಬ ಪದ ಆಮೇಲೆ ಹೂಡಿಯಲ್ಲಿ ಹೆಚ್ಚಾಗಿ ಕೇಳಿಬಂದದ್ದು ಕೆರೆಯ ಸುತ್ತ ಮತ್ತು ಕೋರ್ಟಿನ ಕಾಗದಗಳಲ್ಲಿ.

ಪ್ರೆಸ್ ಶಾಪಿಗೂ ಹೊಸ ಭಾಷೆ ಬಂತು. ಮೊದಲು ಕೃಷ್ಣಗಿರಿ ಕಡೆಯವರಿದ್ದರು. ಅವರ ತಮಿಳಿನ ‘ವೇಲಿ’ ನಮ್ಮದರ ಒಡಹುಟ್ಟು. ಆಮೇಲೆ ಒಡಿಶಾ, ಬಿಹಾರ, ಜಾರ್ಖಂಡಿನ ಹುಡುಗರು. ಅವರ ಬಾಯಲ್ಲಿ ಬಲೆಯ ಗಾರ್ಡು ‘ಜಾಲಿ’. “ಜಾಲಿ ಲಗಾವೋ” ಎಂದು ಒಬ್ಬ ಇನ್ನೊಬ್ಬನಿಗೆ ಹೇಳುವುದನ್ನು ಮೊದಲ ಸಲ ಕೇಳಿದಾಗ ಅವನಿಗೆ ನಗು ಬಂತು. ಅವನ ಅಪ್ಪ ಬೇಲಿಯ ಸಂದಿಗೆ ತುರುಕುತ್ತಿದ್ದದ್ದೂ ಜಾಲಿಯೇ, ಎರಡಂಗುಲದ ಬಿಳಿ ಮುಳ್ಳಿನದು. ಹಿಂದಿಯ ಜಾಲಿಗೂ ಕನ್ನಡದ ಜಾಲಿಗೂ ನಂಟಿಲ್ಲ. ಆದರೂ ಸುರಕ್ಷತಾ ತರಗತಿಯಲ್ಲಿ ಅವನು ಅದನ್ನು ಚೆನ್ನಾಗಿ ಬಳಸಿಕೊಂಡ. ಹಳೆಯ ಕನ್ನಡದ ಆಪರೇಟರುಗಳಿಗೂ ಹೊಸ ಹುಡುಗರಿಗೂ ಒಂದೇ ಪದ ಸಾಕಾಯಿತು, ಬೋರ್ಡಿನಲ್ಲಿ ಕನ್ನಡ ಅಕ್ಷರದಲ್ಲಿ ‘ಜಾಲಿ ಎತ್ತಬೇಡಿ’ ಎಂದು ಬರೆಸಿದ. ಗಾಜಿನ ಹಿಂದಿನ ಕಾಯ್ದೆಗಿಂತ ಅದನ್ನು ಓದಿದವರು ಹೆಚ್ಚು.

ಮೆಟ್ರೊ ಕಾಮಗಾರಿ ಶುರುವಾದ ಮೇಲೆ ವೈಟ್‌ಫೀಲ್ಡ್ ರಸ್ತೆಯ ನಡುವೆ ವರ್ಷಗಟ್ಟಲೆ ತಗಡಿನ ಬ್ಯಾರಿಕೇಡು ನಿಂತಿತು. ಬ್ಯಾರಿಕೇಡು ಫ್ರೆಂಚರ ಪೀಪಾಯಿಯಿಂದ ಬಂದ ಮಾತು. 1588ರ ಮೇ ತಿಂಗಳಲ್ಲಿ ಪ್ಯಾರಿಸಿನ ಜನ ದೊರೆಯ ಸೈನ್ಯವನ್ನು ತಡೆಯಲು ಬೀದಿಗೆ ಪೀಪಾಯಿ ಉರುಳಿಸಿದ್ದರು. ನಮ್ಮಲ್ಲಿ ಅದು ತಿರುಗಿ ಜನರನ್ನೇ ತಡೆಯುವ ಸರ್ಕಾರಿ ಸಾಮಾನಾಯಿತು. 2020ರ ಜುಲೈಯಲ್ಲಂತೂ ಕೋವಿಡ್ ನೆಪದಲ್ಲಿ ದೊಮ್ಮಲೂರಿನ ಎರಡು ಫ್ಲ್ಯಾಟುಗಳ ಬಾಗಿಲಿಗೇ ಪಾಲಿಕೆಯವರು ತಗಡು ಹೊಡೆದರು. ಒಳಗೆ ಜನರಿದ್ದರು. ಪಾಲಿಕೆ ಆಯುಕ್ತರು ಕ್ಷಮೆ ಕೇಳಿ ತೆಗೆಸಿದರು. ಇನ್ನು 2023ರ ಜನವರಿ 10ರಂದು ನಾಗವಾರದ ಬಳಿ ಮೆಟ್ರೊ ಕಂಬದ ಕಬ್ಬಿಣದ ಪಂಜರ ಬ್ಯಾರಿಕೇಡಿನಾಚೆ ರಸ್ತೆಗೆ ಉರುಳಿ, ಸ್ಕೂಟರಿನಲ್ಲಿದ್ದ ತಾಯಿಯೂ ಎಳೆ ಮಗುವೂ ಸತ್ತರು. ಆ ತಗಡು ವಾಹನಗಳನ್ನು ಕಾಮಗಾರಿಯಿಂದ ದೂರವಿಡಲು ನಿಲ್ಲಿಸಿದ್ದು. ಕಾಮಗಾರಿಯನ್ನು ವಾಹನಗಳಿಂದ ದೂರವಿಡುವ ಲೆಕ್ಕ ಬೇರೆಯೇ, ಅದಕ್ಕೆ ಎತ್ತರ ಬೇಕು, ಪಂಜರಕ್ಕೆ ಸರಿಯಾದ ಆಸರೆ ಬೇಕು.

ಅದೇ ವರ್ಷ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗಿನ 13.71 ಕಿಲೋಮೀಟರ್ ಮಾರ್ಗ ಉದ್ಘಾಟನೆಯಾಗಿ ಹೂಡಿಗೂ ನಿಲ್ದಾಣ ಬಂತು. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಬಾಗಿಲಿಲ್ಲ, ಕಟಕಟೆ ಇಲ್ಲ. ಒಂದು ಹಳದಿ ಗೆರೆ, ಅದರಾಚೆ 750 ವೋಲ್ಟಿನ ಮೂರನೇ ಹಳಿ. ಯಾರಾದರೂ ಗೆರೆ ತುಳಿದರೆ ಸೆಕ್ಯುರಿಟಿಯವರು ಸೀಟಿ ಊದುತ್ತಾರೆ. ಮೊಬೈಲ್ ನೋಡುತ್ತಿದ್ದವರು ಬೆಚ್ಚಿ ಹಿಂದೆ ಸರಿಯುತ್ತಾರೆ. ಅವನಿಗೆ ಇದು ಹಳೆಯ ಶಾಪಿನ ನಗೆಯನ್ನು ನೆನಪಿಸುತ್ತದೆ: ಇಲ್ಲಿ ನಿಜಕ್ಕೂ ಗೇಟಿನ ಗಾರ್ಡೇ ಯಂತ್ರದ ಗಾರ್ಡು.

ಈಗ ಅವನ ಕೆಲಸ ಹೆಚ್ಚಾಗಿ ಪೀಣ್ಯದಲ್ಲಿ, ಸಣ್ಣ ಶೆಡ್ಡುಗಳ ಯಂತ್ರಗಳನ್ನು ನೋಡಿ ವರದಿ ಬರೆಯುವುದು. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಕೊಡುವ ಶೆಡ್ಡುಗಳಿಗೆ ಗಿರಾಕಿಯ ಆಡಿಟ್ ಇರುತ್ತದೆ. ಆಡಿಟ್ ಎಂದ ಕೂಡಲೇ ಮಾಲೀಕರು ತರುವುದು ಲೈಟ್ ಕರ್ಟನ್: ಪ್ರೆಸ್ಸಿನ ಮುಂದೆ ಎರಡು ಹಳದಿ ಕಂಬ, ನಡುವೆ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ಪರದೆ. ಬೆರಳು ಕಿರಣ ಕಡಿದರೆ ಯಂತ್ರ ನಿಲ್ಲಬೇಕು. ಕೈ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬರುತ್ತದೆಂದು ಎಣಿಸಿ, ಯಂತ್ರ ನಿಲ್ಲಲು ಬೇಕಾದ ಸಮಯಕ್ಕೆ ತಕ್ಕಷ್ಟು ದೂರದಲ್ಲಿ ಕಂಬ ನೆಡಬೇಕು. ನಿಲ್ಲಲು 0.2 ಸೆಕೆಂಡ್ ಬೇಕಾದರೆ ಕಡೇಪಕ್ಷ 400 ಮಿಲಿಮೀಟರ್. ನಡುವೆಯೇ ನಿಲ್ಲಿಸಬಹುದಾದ, ಏರ್ ಕ್ಲಚ್ ಇರುವ ಪ್ರೆಸ್ಸಿಗೆ ಇದು ಬಹಳ ಒಳ್ಳೆಯ ಬೇಲಿ. ಕೀಲಿ ಕ್ಲಚ್ಚಿನ ಹಳೆಯ ಪ್ರೆಸ್ಸಿಗೆ ಇದು ಅಲಂಕಾರ. ಕೀಲಿ ಕಚ್ಚಿದ ಮೇಲೆ ಸುತ್ತು ಮುಗಿಯಲೇಬೇಕಲ್ಲ. ಪರದೆ ಕಿರುಚಿದರೂ ರಾಮ್ ಇಳಿಯುತ್ತದೆ. ಆದರೂ ಆಡಿಟರ್ ಪಟ್ಟಿಯಲ್ಲಿ ಟಿಕ್ ಹಾಕುತ್ತಾನೆ, ಮಾಲೀಕ ಆ ಟಿಕ್ ತೋರಿಸಿ ಪರದೆ ಸರಿಯಿದೆ ಎನ್ನುತ್ತಾನೆ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ.

ಇತ್ತೀಚೆಗೆ ಅಂಥದ್ದೇ ಒಂದು ಶೆಡ್ಡು. ಮಾಲೀಕ ಹೆಮ್ಮೆಯಿಂದ ಹಳದಿ ಕಂಬ ತೋರಿಸಿದ. ಇವನು ಮೂಲೆಯಲ್ಲಿದ್ದ ಮರದ ರಿಪೀಸು ತುಂಡೊಂದನ್ನು ಕೇಳಿ ತರಿಸಿ, ಆಪರೇಟರನಿಗೆ ತುಳಿಯಲು ಹೇಳಿ, ರಾಮ್ ಹೊರಟ ಮೇಲೆ ತುಂಡನ್ನು ಕಿರಣದೊಳಗಿಂದ ಡೈಗೆ ಚಾಚಿದ. ಕೆಂಪು ದೀಪ ಹತ್ತಿತು, ಬಜರ್ ಕೂಗಿತು, ತುಂಡಿನ ತುದಿ ಕತ್ತರಿಸಿ ಬಿತ್ತು. ಯಾರೂ ಮಾತಾಡಲಿಲ್ಲ. ಆಮೇಲೆ ಅವನು ಡೈಯ ಸುತ್ತ ತಗಡಿನ ಪೆಟ್ಟಿಗೆ ಕಟ್ಟಿಸಲು ಹೇಳಿದ: ಪಟ್ಟಿ ಒಳಹೋಗಲು ಮುಂದೆ 6 ಮಿಲಿಮೀಟರಿನ ಸೀಳು, ಡೈಯಿಂದ ಸೀಳಿಗೆ 10 ಮಿಲಿಮೀಟರಿಗೆ ಕಡಿಮೆಯಾಗದ ದೂರ, ಪೀಸು ಹಿಂದೆ ಜಾರಿ ಬೀಳಲು ಇಳಿಜಾರು, ಟೂಲ್ ಇಲ್ಲದೆ ಬಿಚ್ಚಲಾಗದ ಬೋಲ್ಟು. ಡಬಲ್ ಹೊಡೆದರೂ ಒಳಗೆ ಬೆರಳೇ ಇರುವುದಿಲ್ಲ. ಶೆಡ್ಡಿನ ವೆಲ್ಡರ್ ಅಳತೆ ಬರೆದುಕೊಂಡು ಮಧ್ಯಾಹ್ನವೇ ಸ್ಕ್ರ್ಯಾಪಿನಿಂದ ಆ್ಯಂಗಲ್ ಆರಿಸತೊಡಗಿದ. ಮಾಲೀಕ ಇವನನ್ನು ಬಾಗಿಲವರೆಗೆ ಬಿಡಲು ಬಂದವನು ದನಿ ತಗ್ಗಿಸಿ ಕೇಳಿದ: “ಸಾರ್, ಆ ಲೈಟ್ ಕರ್ಟನ್ ವಾಪಸ್ ಕೊಟ್ಟರೆ ತಗೋತಾರಾ?”